ಹಳದಿ ಮಾತ್ರೆ ಮತ್ತು ಗೋಡೆಯ ಕ್ಯಾಲೆಂಡರು

ನಾಲ್ಕು ವರ್ಷದ ಹುಡುಗ ರಾತ್ರಿ ಹೊತ್ತು ಕಾಲು ನೋವೆಂದು ಅಳುತ್ತಾನೆ. ದಿನವಿಡೀ ಕುಣಿದರೆ ನೋಯದೆ ಇರುತ್ತದೆಯೇ ಎಂದು ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತಾರೆ. ವಾರ ಕಳೆದ ಮೇಲೆ ಜ್ವರ. ಊರಿನ ಡಾಕ್ಟರು ಕೊಟ್ಟ ಔಷಧಿಗೆ ಇಳಿದದ್ದು ಎರಡು ದಿನಕ್ಕೆ ಮತ್ತೆ ಏರುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ. ಎಲ್ಲಿಯೂ ಬಿದ್ದಿಲ್ಲ, ಆದರೂ ಮೊಣಕಾಲಿನ ಕೆಳಗೆ ನೀಲಿ ಕಲೆಗಳು. ತೋಳಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಕೆಂಪು ಚುಕ್ಕೆಗಳು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ತಂದೆಯೊಬ್ಬರನ್ನೇ ಒಳಗೆ ಕರೆದು, ‘ಇವತ್ತೇ ಬೆಂಗಳೂರಿಗೆ ಹೊರಡಿ’ ಎನ್ನುತ್ತಾರೆ.

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಈ ಕಥೆ ಹೀಗೆಯೇ ಆರಂಭವಾಗುತ್ತದೆ. ಅಂಥದೊಂದು ಮನೆ ಅರಸೀಕೆರೆಯಲ್ಲಿದೆ ಎಂದಿಟ್ಟುಕೊಳ್ಳಿ. ತಂದೆಗೆ ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ. ತಾಯಿ, ಅಜ್ಜಿ, ಆರನೆಯ ತರಗತಿಯಲ್ಲಿ ಓದುವ ಮಗಳು, ಮತ್ತು ಈ ಹುಡುಗ.

ಹುಡುಗನಿಗೆ ಬಂದಿರುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು ಸಾಮಾನ್ಯ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಮೂಳೆಯ ಒಳಗಿನ ಮಜ್ಜೆ ನಮ್ಮ ರಕ್ತದ ಕಾರ್ಖಾನೆ. ಅಲ್ಲಿ ಬಲಿಯದ ಒಂದು ಬಿಳಿ ರಕ್ತಕಣ ದಾರಿ ತಪ್ಪಿ, ತನ್ನಂಥ ಕಣಗಳನ್ನೇ ಹುಟ್ಟಿಸುತ್ತ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಕೆಂಪು ಕಣಗಳಿಗೆ ಜಾಗವಿಲ್ಲದೆ ಮಗು ಬಿಳಿಚುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿ ನೀಲಿ ಕಲೆ ಬೀಳುತ್ತದೆ. ರೋಗಾಣುಗಳೊಂದಿಗೆ ಹೋರಾಡುವ ಒಳ್ಳೆಯ ಬಿಳಿ ಕಣಗಳು ಇಲ್ಲದೆ ಜ್ವರ ಬಿಡುವುದಿಲ್ಲ. ಮಜ್ಜೆ ಕಿಕ್ಕಿರಿದು ಮೂಳೆ ನೋಯುತ್ತದೆ. ಅಜ್ಜಿ ಎಣ್ಣೆ ತಿಕ್ಕಿದ್ದು ಆ ನೋವಿಗೇ.

ಇದು ಅಂಟುರೋಗವಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದರಿಂದ ಬಂದದ್ದಲ್ಲ. ಬಹುಪಾಲು ಮಕ್ಕಳಲ್ಲಿ ವಂಶದಿಂದ ಬಂದದ್ದೂ ಅಲ್ಲ. ಆದರೂ ಪಕ್ಕದ ಮನೆಯವರು ಲೋಟ ಬೇರೆ ಇಡುತ್ತಾರೆ. ಮುಂದೆ ಹೆಣ್ಣುಮಗುವಿಗೆ ಸಂಬಂಧ ಬರುವುದು ಕಷ್ಟ ಎಂದು ಯಾರೋ ನೆಂಟರು ಆಗಲೇ ಲೆಕ್ಕ ಹಾಕುತ್ತಾರೆ. ರೋಗಕ್ಕಿಂತ ಮೊದಲು ಈ ಮಾತುಗಳು ಮನೆಯೊಳಗೆ ಬರುತ್ತವೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂಥ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಕಳೆಯುತ್ತದೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆ. ಔಷಧಿ ಮೆದುಳಿನ ಸುತ್ತಲಿನ ದ್ರವಕ್ಕೂ ಮುಟ್ಟಬೇಕಾದ್ದರಿಂದ ಬೆನ್ನುಮೂಳೆಯ ನಡುವೆ ಸೂಜಿ. ರಕ್ತನಾಳಕ್ಕೆ ವಿನ್‌ಕ್ರಿಸ್ಟಿನ್. ಈ ಔಷಧಿ ಬಂದದ್ದು ನಮ್ಮ ಹಿತ್ತಲುಗಳಲ್ಲಿ ಅರಳುವ ನಿತ್ಯಪುಷ್ಪದಿಂದ, ಅಂದರೆ ಕಾಶಿ ಕಣಗಿಲೆಯಿಂದ. (ಹಾಗೆಂದು ಯಾರೂ ಅದರ ಎಲೆ ಅರೆದು ಕುಡಿಸಬಾರದು. ಗಿಡ ವಿಷವುಳ್ಳದ್ದು, ಔಷಧಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ.) ಜೊತೆಗೆ ಸ್ಟೆರಾಯ್ಡ್ ಮಾತ್ರೆ.

ಸ್ಟೆರಾಯ್ಡಿನಿಂದ ಮುಖ ಚಂದ್ರನಂತೆ ಊದುತ್ತದೆ, ಸಿಡುಕು ಹೆಚ್ಚುತ್ತದೆ, ಹಸಿವಂತೂ ಕೇಳುವುದೇ ಬೇಡ. ರಾತ್ರಿ ಎರಡು ಗಂಟೆಗೆ ಎದ್ದು ‘ಅಮ್ಮಾ, ಚಿತ್ರಾನ್ನ’ ಎನ್ನುತ್ತಾನೆ. ಆಸ್ಪತ್ರೆಯ ವಾರ್ಡಿನಲ್ಲಿ ಎರಡು ಗಂಟೆಗೆ ಚಿತ್ರಾನ್ನ ಎಲ್ಲಿಂದ ತರುವುದು? ಬೆಳಗಿನ ಅನ್ನ ಇಟ್ಟುಕೊಂಡು ಕಲಸುವಂತಿಲ್ಲ. ಆಗ ತಾನೇ ಮಾಡಿದ ಬಿಸಿ ಅಡುಗೆಯೇ ಆಗಬೇಕು. ತಾಯಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ಬೆಳಿಗ್ಗೆ ಮಾಡಿಕೊಡುವುದಾಗಿ ಹೇಳುತ್ತಾಳೆ. ಹುಡುಗ ಬಿಸ್ಕತ್ತು ಎಸೆಯುತ್ತಾನೆ. ಪಕ್ಕದ ಹಾಸಿಗೆಯ ರಾಯಚೂರಿನ ತಾಯಿ ಕತ್ತಲಲ್ಲೇ ಬಗ್ಗಿ ಅದನ್ನು ಎತ್ತಿಡುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ.

ಕೂದಲು ಉದುರುತ್ತದೆ. ಊರಿಗೆ ಬರುವ ರೈಲಿನಲ್ಲಿ ಎದುರಿಗೆ ಕೂತವರು, ‘ತಿರುಪತಿಗೆ ಹೋಗಿದ್ರಾ?’ ಎಂದು ಕೇಳುತ್ತಾರೆ. ತಾಯಿ ‘ಹೂಂ’ ಎಂದು ಕಿಟಕಿಯ ಕಡೆ ತಿರುಗುತ್ತಾಳೆ.

ತಿಂಗಳ ಕೊನೆಗೆ ಮತ್ತೆ ಮಜ್ಜೆಯ ಪರೀಕ್ಷೆ. ಸೂಕ್ಷ್ಮದರ್ಶಕದ ಕೆಳಗೆ ಕೆಟ್ಟ ಕಣಗಳು ಹೆಚ್ಚುಕಡಿಮೆ ಕಾಣುವುದಿಲ್ಲ. ಇದಕ್ಕೆ ವೈದ್ಯರು ‘ರೆಮಿಷನ್’ ಎನ್ನುತ್ತಾರೆ. ಮನೆಯವರ ಕಿವಿಗೆ ಅದು ‘ವಾಸಿಯಾಯಿತು’ ಎಂದು ಕೇಳಿಸುತ್ತದೆ. ಎಲ್ಲ ತೊಡಕು ಇರುವುದು ಇಲ್ಲಿಯೇ. ಏಕೆಂದರೆ ಅದೇ ಚೀಟಿಯಲ್ಲಿ ಚಿಕಿತ್ಸೆ ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಡೆಯಬೇಕೆಂದೂ ಬರೆದಿರುತ್ತದೆ.

ಕಣಗಳೇ ಕಾಣದಿದ್ದರೆ ಔಷಧಿ ಯಾರಿಗೆ? ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕೆಟ್ಟ ಕಣಗಳು ಇರುತ್ತವೆ. ಒಂದರ ಮುಂದೆ ಹನ್ನೆರಡು ಸೊನ್ನೆ. ಔಷಧಿ ನೂರರಲ್ಲಿ 99 ಕಣಗಳನ್ನು ಕೊಂದಿತು ಎನ್ನಿ. ಉಳಿದದ್ದು ಎಷ್ಟು? ಒಂದು ಸಾವಿರ ಕೋಟಿ. ಸಾವಿರಕ್ಕೆ 999 ಕೊಂದರೂ ನೂರು ಕೋಟಿ ಉಳಿಯುತ್ತವೆ. ಕೋಟ್ಯಂತರ ಒಳ್ಳೆಯ ಕಣಗಳ ನಡುವೆ ಇವು ಸೂಕ್ಷ್ಮದರ್ಶಕಕ್ಕೆ ಸಿಕ್ಕುವುದಿಲ್ಲ, ಮಗುವಿಗೂ ಯಾವ ತೊಂದರೆ ಕೊಡುವುದಿಲ್ಲ. ಔಷಧಿ ನಿಂತರೆ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಮತ್ತೆ ಬೆಳೆಯುತ್ತವೆ.

ಇದನ್ನು ಜಗತ್ತು ಕಲಿತದ್ದು ಕಷ್ಟಪಟ್ಟು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಹದಿನಾರು ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟ ವರದಿ ಪ್ರಕಟಿಸಿದರು. ಆ ಔಷಧಿಯನ್ನು ಒದಗಿಸಿದ್ದು ಲೆಡರ್ಲಿ ಪ್ರಯೋಗಾಲಯ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಹದಿನಾರರಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡರು. ಅದುವರೆಗೆ ಆಗದಿದ್ದ ಮಾತು ಅದು. ಆದರೆ ಆ ಚೇತರಿಕೆ ಉಳಿಯಲಿಲ್ಲ, ರೋಗ ಮರಳಿತು. ಆಮೇಲೆ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 6-ಮರ್ಕ್ಯಾಪ್ಟೊಪ್ಯೂರಿನ್ ಕಂಡುಹಿಡಿದರು. ಅದು 1953ರಿಂದ ಬಳಕೆಗೆ ಬಂತು. 1988ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು. ಹಲವು ಔಷಧಿಗಳನ್ನು ಒಟ್ಟಿಗೆ, ಬಹುಕಾಲ ಕೊಡಬೇಕು ಎಂಬುದನ್ನು 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಅವರ ತಂಡದವರು ಮಾಡಿ ತೋರಿಸಿದರು. ಆಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಉಳಿದರು. ಇಂದು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ನಮ್ಮಲ್ಲಿ ಆ ಸಂಖ್ಯೆ ಕಡಿಮೆ. ಅದಕ್ಕಿರುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ನಡುವೆ ಬಿಡುವುದು. ಔಷಧಿ ಇಲ್ಲದೆ ಅಲ್ಲ, ಇದ್ದೂ ಬಿಡುವುದು.

ಬಿಡುವವರನ್ನು ಬೈಯುವುದು ಸುಲಭ. ಎಂಟನೆಯ ತಿಂಗಳಲ್ಲಿ ಆ ಹೊಲಿಗೆ ಅಂಗಡಿಯಲ್ಲಿ ಕೂತು ನೋಡಬೇಕು. ದೀಪಾವಳಿಯ ಹೊಲಿಗೆ ಪೂರ್ತಿ ಕೈಬಿಟ್ಟು ಹೋಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಿಂದ ಆಸ್ಪತ್ರೆಯ ಖರ್ಚಿಗೆ ಆಧಾರವಾಯಿತು, ನಿಜ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ದರದಲ್ಲಿ ರಿಯಾಯಿತಿ ಇದೆ. ವೈದ್ಯರ ಪ್ರಮಾಣಪತ್ರ ಕೊಡಬೇಕು. ಆದರೆ ಮುಚ್ಚಿದ ಅಂಗಡಿಯ ದುಡಿಮೆಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಇತ್ತ ಹುಡುಗನಿಗೆ ಕೂದಲು ಮತ್ತೆ ಬಂದಿದೆ, ಗೋಲಿ ಆಡುತ್ತಿದ್ದಾನೆ. ಮಾತ್ರೆ ನುಂಗಿದ ದಿನ ಸಪ್ಪಗಿರುತ್ತಾನೆ, ಬಿಟ್ಟ ದಿನ ಲವಲವಿಕೆಯಿಂದಿರುತ್ತಾನೆ. ಕಣ್ಣಿಗೆ ಕಾಣುವುದನ್ನು ನಂಬಿದರೆ ಮಾತ್ರೆಯೇ ರೋಗ. ತಂದೆ ಒಂದು ರಾತ್ರಿ ಮೆಲ್ಲಗೆ, ‘ಈ ಸಲ ಬೆಂಗಳೂರು ಬಿಟ್ಟರೆ ಹೇಗೆ?’ ಎನ್ನುತ್ತಾನೆ. ತಾಯಿ ಉತ್ತರ ಕೊಡದೆ, ಹನ್ನೆರಡು ಸೊನ್ನೆ ಬರೆದ ಕಾಗದವನ್ನು ಡಬ್ಬಿಯ ಕೆಳಗಿನಿಂದ ತೆಗೆದು ಮುಂದಿಡುತ್ತಾಳೆ. ವಾರ್ಡಿನ ವೈದ್ಯೆ ಬರೆದುಕೊಟ್ಟ ಲೆಕ್ಕ ಅದು. ಮರುದಿನ ತಂದೆ ರೈಲಿನ ಟಿಕೆಟ್ ತರುತ್ತಾನೆ.

ಮೊದಲ ಕೆಲವು ತಿಂಗಳು ಚಿಕಿತ್ಸೆ ಆಸ್ಪತ್ರೆಯ ಕೈಯಲ್ಲಿರುತ್ತದೆ. ಆಮೇಲೆ ಅದು ಅಡುಗೆಮನೆಗೆ ಬರುತ್ತದೆ. ದಿನವೂ 6-ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮಾತ್ರ ಮೆಥೊಟ್ರೆಕ್ಸೇಟ್. ಎರಡೂ ಸಣ್ಣ ಮಾತ್ರೆಗಳು, ಬಣ್ಣ ಎರಡರದೂ ಹಳದಿಗೆ ಹತ್ತಿರ. ವಾರದ ಮಾತ್ರೆಯನ್ನು ಮರೆತು ದಿನವೂ ಕೊಟ್ಟರೆ ಪ್ರಾಣಾಪಾಯ. ದಿನದ ಮಾತ್ರೆಯನ್ನು ಮರೆತರೆ ರೋಗ ಮರಳುವ ಭಯ. ನೂರು ಮಾತ್ರೆಯಲ್ಲಿ ಐದಕ್ಕಿಂತ ಹೆಚ್ಚು ತಪ್ಪಿದ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂದು 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೋರಿಸಿತು. ತಿಂಗಳಲ್ಲಿ ಎರಡು ದಿನ ಮರೆತರೆ ಸಾಕು, ಐದರ ಗಡಿ ದಾಟಿದಂತೆ. ಮದುವೆ ಮನೆಗೆ ಹೋದ ಒಂದು ರಾತ್ರಿ, ಜಾತ್ರೆಯ ಒಂದು ರಾತ್ರಿ.

ಆ ಮನೆಯಲ್ಲಿ ಈ ಕೆಲಸವನ್ನು ಹಿಡಿದವಳು ಅಕ್ಕ. ಅವಳು ಇಷ್ಟು ಹೊತ್ತು ಈ ಬರಹದಲ್ಲಿ ಎಲ್ಲಿದ್ದಳು? ಮನೆಯವರ ಲೆಕ್ಕದಲ್ಲಿ ಎಲ್ಲಿದ್ದಳೋ ಇಲ್ಲಿಯೂ ಅಲ್ಲಿಯೇ. ಮೊದಲ ತಿಂಗಳು ಅವಳನ್ನು ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಫೋನಿನಲ್ಲಿ ಎಲ್ಲರೂ ಕೇಳುತ್ತಿದ್ದುದು ತಮ್ಮನ ವಿಷಯ. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅಂಕ ಇಳಿದದ್ದು ಯಾರ ಗಮನಕ್ಕೂ ಬರಲಿಲ್ಲ; ಅಂಕಪಟ್ಟಿಗೆ ಚಿಕ್ಕಮ್ಮ ಸಹಿ ಹಾಕಿದರು. ಅವಳಿಗೆ ಹೊಟ್ಟೆನೋವು ಬರತೊಡಗಿತು. ಶಾಲೆಯಲ್ಲಿ ಅಧ್ಯಾಪಕಿ ಪಕ್ಕಕ್ಕೆ ಕರೆದು ಕೇಳಿದಾಗ ಹೊರಬಿದ್ದ ಮಾತು ಇದು: ತಮ್ಮನಿಗೆ ಕಾಲುನೋವು ಶುರುವಾಗುವ ಮುಂಚಿನ ದಿನ, ಪೆನ್ಸಿಲ್ ಮುರಿದನೆಂದು ಅವಳು ಅವನನ್ನು ಮಂಚದಿಂದ ನೂಕಿದ್ದಳು.

ಇಂಥ ಯೋಚನೆ ರೋಗಿಯ ಅಣ್ಣ-ಅಕ್ಕಂದಿರಲ್ಲಿ ಅಪರೂಪವಲ್ಲ. ಮಕ್ಕಳು ಕಾರಣ ಹುಡುಕುತ್ತಾರೆ. ಯಾರೂ ಹೇಳದಿದ್ದರೆ ತಮ್ಮನ್ನೇ ಕಾರಣವಾಗಿಸಿಕೊಳ್ಳುತ್ತಾರೆ. ಮುಂದಿನ ಸಲ ಬೆಂಗಳೂರಿಗೆ ಅವಳನ್ನೂ ಕರೆದುಕೊಂಡು ಹೋದರು. ಬಿದ್ದರೆ, ಹೊಡೆದರೆ, ಬೈದರೆ ಈ ರೋಗ ಬರುವುದಿಲ್ಲ ಎಂದು ವೈದ್ಯೆ ಅವಳಿಗೇ ಹೇಳಿದರು, ದೊಡ್ಡವರಿಗೆ ಹೇಳುವಂತೆ. ಹಿಂದಿರುಗುವಾಗ ಅವಳು ಮೆಜೆಸ್ಟಿಕ್ಕಿನಲ್ಲಿ ಎರಡು ಬಣ್ಣದ ಸ್ಕೆಚ್ ಪೆನ್ ಕೊಡಿಸಿಕೊಂಡಳು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ದಿನದ ಮಾತ್ರೆಗೆ ಹಸಿರು ಗುರುತು, ವಾರದ ಮಾತ್ರೆಗೆ ಕೆಂಪು. ಮಾತ್ರೆ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಗುರುತು. ತಮ್ಮ ಒಮ್ಮೆ ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಟ್ಟು ತುಳಸಿಕಟ್ಟೆಯಲ್ಲಿ ಉಗಿದಾಗ ಹಿಡಿದವಳೂ ಅವಳೇ.

ಕ್ಯಾಲೆಂಡರಿನ ಪಕ್ಕದ ಮೊಳೆಗೆ ಥರ್ಮಾಮೀಟರಿನ ಚೀಲ ನೇತಾಡುತ್ತದೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದು ನಡುರಾತ್ರಿಯಾದರೂ ಹೊರಡಬೇಕು. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಮೊದಲು ಎದುರಿಸುವ ಬಿಳಿ ಕಣ ನ್ಯೂಟ್ರೋಫಿಲ್. ಚಿಕಿತ್ಸೆಯ ಕಾಲದಲ್ಲಿ ಅದು ಘನ ಮಿಲಿಮೀಟರಿಗೆ 500ಕ್ಕಿಂತ ಕೆಳಗಿಳಿಯಬಹುದು. ಆಗ ಸಾಮಾನ್ಯ ಸೋಂಕೂ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆಲ್ಲ ಹರಡುತ್ತದೆ. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಆ ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕನ್ನಲ್ಲ. ಒಂದು ಆಟೋದವನ ನಂಬರು ಆ ಗೋಡೆಯ ಮೇಲೆಯೇ ಬರೆದಿದೆ. ಹಾಸನದ ದೊಡ್ಡಾಸ್ಪತ್ರೆಗೆ ತೋರಿಸಬೇಕಾದ ಕಡತ, ಎರಡು ಜೊತೆ ಬಟ್ಟೆ ಒಂದು ಚೀಲದಲ್ಲಿ ಸದಾ ಸಿದ್ಧ. ಆ ಚೀಲ ಎರಡು ಸಲ ಮಾತ್ರ ಹೊರಟಿತು. ಎರಡು ಸಲವೂ ಹುಡುಗನಿಗೆ ಹೊತ್ತಿಗೆ ಸರಿಯಾಗಿ ರಕ್ತನಾಳದ ಮೂಲಕ ಆಂಟಿಬಯೊಟಿಕ್ ಬಿತ್ತು.

ಇನ್ನು ಚಿಕನ್‌ಪಾಕ್ಸ್. ಹಳ್ಳಿಗಳಲ್ಲಿ ‘ಅಮ್ಮ’ ಎನ್ನುವ ಈ ಕಾಯಿಲೆ ಸಾಮಾನ್ಯ ಮಕ್ಕಳಲ್ಲಿ ಬಂದು ಹೋಗುತ್ತದೆ. ಈ ಚಿಕಿತ್ಸೆಯಲ್ಲಿರುವ ಮಗುವಿನ ಶ್ವಾಸಕೋಶಕ್ಕೂ ಯಕೃತ್ತಿಗೂ ಇಳಿದು ಪ್ರಾಣ ತೆಗೆಯಬಹುದು. ಇಂಥ ಮಗುವಿನ ಹತ್ತಿರ ಚಿಕನ್‌ಪಾಕ್ಸ್ ಇರುವವರು ಸುಳಿದಿದ್ದರೆ ಆಸ್ಪತ್ರೆಗೆ ಅಂದೇ ತಿಳಿಸಬೇಕು. ಮೊದಲ ಮೂರು ನಾಲ್ಕು ದಿನಗಳೊಳಗೆ ಮಾಡಬಹುದಾದ ಉಪಾಯಗಳಿವೆ. ಹುಡುಗ ಈಗ ಒಂದನೆಯ ತರಗತಿಗೆ ಹೋಗುತ್ತಿದ್ದಾನೆ. ಶಾಲೆಯವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ: ಯಾವ ಮಗುವಿಗೆ ಮೈಮೇಲೆ ಗುಳ್ಳೆ ಕಂಡರೂ ಪೋಷಕರು ಅಂದೇ ಶಾಲೆಗೆ ಹೇಳಬೇಕು, ಶಾಲೆ ಈ ಮನೆಗೆ ಫೋನ್ ಮಾಡಬೇಕು. ಯಾವ ಖರ್ಚೂ ಇಲ್ಲದ ವ್ಯವಸ್ಥೆ. ಬೇರೆ ಶಾಲೆಗಳೂ ಮಾಡಿಕೊಳ್ಳಬಹುದು.

ಒಂದು ಸಂಜೆ ಅಕ್ಕ ಶಾಲೆಯಿಂದ ಬಂದು ಹೊಸ್ತಿಲಾಚೆಯೇ ನಿಲ್ಲುತ್ತಾಳೆ. ಚೀಲ ಅಂಗಳದಲ್ಲಿದೆ. ‘ಅಮ್ಮಾ, ನನ್ನ ಬೆಂಚಿನವಳಿಗೆ ಗುಳ್ಳೆ ಬಂದಿದೆ. ನಾನು ಚಿಕ್ಕಪ್ಪನ ಮನೆಗೆ ಹೋಗ್ತೀನಿ, ಬಟ್ಟೆ ಹೊರಗೆ ಹಾಕು.’ ತಾಯಿ ಫೋನ್ ಹಚ್ಚುತ್ತಾಳೆ. ಹುಡುಗಿಗೆ ಮೊದಲು ಬಂದಿತ್ತೇ ಎಂದು ಅತ್ತಣಿಂದ ವೈದ್ಯೆ ಕೇಳುತ್ತಾರೆ. ಬಂದಿತ್ತು, ಒಂದನೆಯ ತರಗತಿಯಲ್ಲಿ, ತಮ್ಮ ಹುಟ್ಟುವ ಮುಂಚೆ. ಅಜ್ಜಿಗೆ ಬೇವಿನ ಸೊಪ್ಪು ಹಾಸಿದ ದಿನ ಕೂಡ ನೆನಪಿದೆ. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅವಳಿಂದ ಅವನಿಗೆ ಅಂಟುವ ಭಯವಿಲ್ಲ, ಕೈ ತೊಳೆದು ಒಳಗೆ ಬರಲಿ ಎನ್ನುತ್ತಾರೆ ವೈದ್ಯೆ.

ಹುಡುಗಿ ಬಚ್ಚಲಿಗೆ ಹೋಗಿ ಕೈಕಾಲು ಎರಡೆರಡು ಸಲ ತೊಳೆಯುತ್ತಾಳೆ. ಗಂಟೆ ಎಂಟಾಗುತ್ತದೆ. ಅವಳು ಹಸಿರು ಪೆನ್ನಿನ ಮುಚ್ಚಳ ತೆಗೆದು, ‘ಬಾಯಿ ತೆಗಿ, ನಾಲಿಗೆ ಎತ್ತು’ ಎನ್ನುತ್ತಾಳೆ.