ನಡಿಗೆ ತಪ್ಪಿಸುವ ತಲೆಸುತ್ತು

ನಸುಕಿನಲ್ಲಿ ಹಾಸಿಗೆಯಿಂದೆದ್ದ ರೈತನೊಬ್ಬನಿಗೆ ಮನೆಯೇ ಬುಗುರಿಯಂತೆ ತಿರುಗಿ, ಎರಡು ಸಲ ವಾಂತಿಯಾಗಿ, ಬಾಗಿಲ ಚೌಕಟ್ಟನ್ನು ಹಿಡಿದು ನಿಂತರೂ ಮೈ ಒಂದೇ ಕಡೆಗೆ ವಾಲತೊಡಗಿದರೆ, ಹಾವೇರಿ ಜಿಲ್ಲೆಯ ಹಾನಗಲ್ಲು, ಸವಣೂರುಗಳ ಹಳ್ಳಿಗಳಲ್ಲಿ ಮೊದಲು ಕೇಳಿಬರುವ ಮಾತು ‘ಪಿತ್ತ ಆಗೇತಿ’ ಎಂಬುದು. ಲಿಂಬೆಯ ಪಾನಕ ಕುಡಿಸುತ್ತಾರೆ. ಬೆಳಕು ಹರಿದ ಮೇಲೆ ದವಾಖಾನೆಯಲ್ಲಿ ವಾಂತಿ ನಿಲ್ಲಲೆಂದು ಸೂಜಿ ಹಾಕಿಸುತ್ತಾರೆ. ಬಾಯಿ ಸೊಟ್ಟಗಾಗಿಲ್ಲ, ಕೈಕಾಲು ಆಡುತ್ತಿವೆ, ಮಾತು ನಿಂತಿಲ್ಲ. ಆದುದರಿಂದ ಇದು ಲಕ್ವವಲ್ಲವೆಂದು ಎಲ್ಲರೂ ಸಮಾಧಾನ ತಾಳುತ್ತಾರೆ. ತಲೆಸುತ್ತಿನ ಬಹುಪಾಲು ಒಳಗಿವಿಯ ವಿಕಾರದಿಂದಲೇ ಹುಟ್ಟುವಂಥದಾದ್ದರಿಂದ ಆ ಸಮಾಧಾನ ಬಹುಮಟ್ಟಿಗೆ ಸರಿಯೇ; ತಪ್ಪಿದಾಗ ಮಾತ್ರ ಪ್ರಾಣಕ್ಕೆ ಎರವಾಗುತ್ತದೆ.

ತಲೆಬುರುಡೆಯ ಹಿಂದೆ, ಕತ್ತಿನ ಮೇಲ್ಗಡೆ ಅಡಗಿರುವ ಕಿರುಮೆದುಳು ಅಂಗಗಳಿಗೆ ಬಲ ಕೊಡುವುದಿಲ್ಲ, ಅವುಗಳ ಚಲನೆಗೆ ಅಳತೆಯನ್ನು ಕೊಡುತ್ತದೆ. ಅಲ್ಲಿಯ ರಕ್ತನಾಳ ಕಟ್ಟಿದರೆ ಕೈ ಮೇಲೇಳುತ್ತದೆ, ಆದರೆ ತುತ್ತು ಬಾಯಿಗೆ ನೇರವಾಗಿ ಹೋಗದು. ಕಾಲಿಗೆ ಕಸುವಿರುತ್ತದೆ, ಆದರೆ ಹೆಜ್ಜೆ ನೆಟ್ಟಗೆ ಬೀಳದು. ನೂರು ಪಾರ್ಶ್ವವಾಯುಗಳಲ್ಲಿ ಸುಮಾರು ಎರಡು ಮೂರು ಮಾತ್ರ ಈ ಜಾತಿಯವು. ಮುಖ, ಕೈ, ಮಾತು ಎಂಬ ಮೂರನ್ನಷ್ಟೇ ಜನರಿಗೆ ಕಲಿಸಿದ ನಮ್ಮ ಪ್ರಚಾರವು ಸಮತೋಲ ಮತ್ತು ದೃಷ್ಟಿ ಎಂಬ ಇನ್ನೆರಡನ್ನು ಅದೇ ಕಂಠದಿಂದ ಸಾರದಿರುವುದು ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ.

ಯಂತ್ರವಿಲ್ಲದ ಊರಿನಲ್ಲಿ ವೈದ್ಯನೇನು ಮಾಡಬಲ್ಲನೆಂದು ಕೇಳುವವರುಂಟು. ಯಂತ್ರವೂ ಇಲ್ಲಿ ಸರ್ವಜ್ಞವಲ್ಲ: ದಪ್ಪ ಎಲುಬಿನ ನಡುವಣ ಈ ಭಾಗದಲ್ಲಿ ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ತೋರಿಸುತ್ತದೆಯೇ ಹೊರತು ಆಗತಾನೇ ಕಟ್ಟಿದ ನಾಳದ ಹಾನಿಯನ್ನು ಅನೇಕ ವೇಳೆ ಬಿಟ್ಟುಬಿಡುತ್ತದೆ, ಎಂ.ಆರ್.ಐ. ಕೂಡ ಮೊದಲ ಒಂದೆರಡು ದಿನ ಒಮ್ಮೊಮ್ಮೆ ತಪ್ಪುವುದುಂಟು. ಎಡೆಬಿಡದೆ ತಲೆ ಸುತ್ತುತ್ತಿರುವ ರೋಗಿಯ ಕಣ್ಣುಗಳ ಚಲನೆಯನ್ನು ಹಾಸಿಗೆಯ ಬಳಿಯೇ ಮೂರು ವಿಧವಾಗಿ ಪರೀಕ್ಷಿಸಿದರೆ, ನುರಿತ ಕಣ್ಣಿಗೆ ಆರಂಭದ ಎಂ.ಆರ್.ಐ.ಗಿಂತಲೂ ಹೆಚ್ಚು ನಿಶ್ಚಯವಾಗಿ ರೋಗ ಗೊತ್ತಾಗುವುದೆಂದು 2009ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ಆ ನೈಪುಣ್ಯ ಎಲ್ಲರಿಗೂ ಇರಲಾರದು. ಆದರೆ ರೋಗಿಯನ್ನು ಮಂಚದಿಂದಿಳಿಸಿ, ಇಬ್ಬರು ಪಕ್ಕದಲ್ಲಿ ನಿಂತು, ನಾಲ್ಕು ಹೆಜ್ಜೆ ನಡೆಸಿ ನೋಡುವುದು ಯಾವ ದವಾಖಾನೆಯಲ್ಲಿ ಅಸಾಧ್ಯ? ಆಸರೆಯಿಲ್ಲದೆ ನಿಲ್ಲಲಾರದವನ ರೋಗವನ್ನು ಕಿವಿಯದೆಂದು ಸುಲಭವಾಗಿ ತೀರ್ಮಾನಿಸತಕ್ಕದ್ದಲ್ಲ.

ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಗಳ ಗಡುವುಂಟು. ಅದು ಮೀರಿದರೂ ಅಪಾಯ ಮುಗಿಯದು. ಹಾನಿಗೊಂಡ ಕಿರುಮೆದುಳು ಎರಡನೆಯ, ಮೂರನೆಯ ದಿನಗಳಲ್ಲಿ ಬಾತು, ಆ ಇಕ್ಕಟ್ಟಿನಲ್ಲಿ ಮೆದುಳಿನ ನೀರು ಹರಿಯುವ ದಾರಿಯನ್ನು ಮುಚ್ಚಿ, ಉಸಿರಾಟದ ಕೇಂದ್ರವಾದ ಮೆದುಳುಕಾಂಡವನ್ನು ಒತ್ತುತ್ತದೆ. ನಿನ್ನೆ ಮಾತನಾಡುತ್ತಿದ್ದವನು ಇಂದು ಮಂಪರಿಗೆ ಜಾರುತ್ತಾನೆ. ಹಿಂಬುರುಡೆಯ ಎಲುಬನ್ನು ತೆಗೆದು ಒತ್ತಡವಿಳಿಸುವ ಶಸ್ತ್ರಕ್ರಿಯೆ ಸಕಾಲದಲ್ಲಿ ನಡೆದರೆ ಅಂಥವರಲ್ಲಿ ಎಷ್ಟೋ ಮಂದಿ ಮರಳಿ ತಮ್ಮ ಕಾಲ ಮೇಲೆ ನಡೆದಾಡುವರು. ಆದುದರಿಂದ ಆ ಮೊದಲ ದಿನಗಳನ್ನು ರೋಗಿಯು ನರಶಸ್ತ್ರವೈದ್ಯರಿರುವಲ್ಲಿಯೇ ಕಳೆಯಬೇಕು.

ಅಂಥ ವೈದ್ಯರಿರುವ ಊರು ಎಲ್ಲ ತಾಲ್ಲೂಕುಗಳಿಗೂ ಒಂದೇ ಅಲ್ಲ: ಶಿಗ್ಗಾವಿ ಹೆದ್ದಾರಿಯ ಮೇಲಿದೆ, ಹುಬ್ಬಳ್ಳಿಗೆ ತಾಸಿನ ಹಾದಿ. ಜಿಲ್ಲೆಯ ದಕ್ಷಿಣದಂಚಿನ ಹಿರೇಕೆರೂರಿನವರಿಗಾದರೋ ದಾವಣಗೆರೆ, ಶಿವಮೊಗ್ಗಗಳೇ ಸಮೀಪ. ಯಾವ ತಾಲ್ಲೂಕಿನಿಂದ ಯಾವ ಊರಿಗೆ ನೇರವಾಗಿ ಒಯ್ಯಬೇಕೆಂಬುದನ್ನು ಮೊದಲೇ ನಿರ್ಣಯಿಸಿ ಪ್ರತಿ ದವಾಖಾನೆಯ ಗೋಡೆಗೆ ಬರೆದು ಹಚ್ಚುವುದು ಆರೋಗ್ಯ ಇಲಾಖೆಯ ಕರ್ತವ್ಯ. ಓದುಗರಲ್ಲಿ ನನ್ನ ಬಿನ್ನಹವಿಷ್ಟೇ: 108ಕ್ಕೆ ಕರೆ ಮಾಡುವಾಗ ‘ತಲೆಸುತ್ತು’ ಎಂದಷ್ಟೇ ಹೇಳದೆ, ‘ನಡೆಯಲು ಆಗುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿರಿ, ರೋಗಿಯು ಕೊನೆಯ ಬಾರಿಗೆ ಸರಿಯಾಗಿದ್ದ ಹೊತ್ತನ್ನೂ ತಿಳಿಸಿರಿ.