ಹೂಕುಂಡದಲ್ಲಿ ಸಿಕ್ಕ ಮಾತ್ರೆಗಳು

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ. ಪ್ರಾಯ ಎಪ್ಪತ್ತು ದಾಟಿದೆ. ಬೆಳಗಿನ ಕಾಫಿ, ಪತ್ರಿಕೆ, ಅದರ ಬೆನ್ನಿಗೇ ರಕ್ತದ ಒತ್ತಡದ ಮಾತ್ರೆ. ವರ್ಷಗಳಿಂದ ಈ ಕ್ರಮ ತಪ್ಪಿದುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಮಾತ್ರ ಅವರು ತಾವಾಗಿಯೇ ಅದನ್ನು ನಿಲ್ಲಿಸಿಬಿಟ್ಟರು. ಮನೆಯಾಕೆಗೆ ಅನುಮಾನ ಬಾರದಂತೆ ದಿನಕ್ಕೊಂದನ್ನು ಬಿಡಿಸಿ ದಾಸವಾಳದ ಕುಂಡದಲ್ಲಿ ಹುದುಗಿಸುತ್ತಿದ್ದರಂತೆ! ಮೂರು ವಾರಗಳ ಮೇಲೆ ಆಕೆ ಮಣ್ಣು ಸಡಿಲಿಸುವಾಗ ಗುಟ್ಟು ರಟ್ಟಾಯಿತು. ಒತ್ತಡ ಅಳೆದು ನೋಡಿದರೆ ಮೇಲಿನ ಅಂಕ 190, ಕೆಳಗಿನದು 110. ಅವರಿಗೋ ತಲೆನೋವು ಕೂಡ ಇರಲಿಲ್ಲ.

ಅವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಭಾರತದಲ್ಲಿ ಕೊರೋನಾ ರೋಗಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ವೃದ್ಧರು. ಫೆಬ್ರವರಿ ಕೊನೆಯಲ್ಲಿ ಸೌದಿ ಅರೇಬಿಯದಿಂದ ಮರಳಿದ ಅವರು 2020ರ ಮಾರ್ಚ್ 10ರಂದು ತೀರಿಕೊಂಡರು. ರೋಗ ಇದೇ ಎಂದು ಖಚಿತವಾದುದು 12ರಂದು. ಅವರಿಗೆ ರಕ್ತದ ಒತ್ತಡವೂ ಉಬ್ಬಸವೂ ಮೊದಲೇ ಇದ್ದುವೆಂದು ಸರ್ಕಾರ ತಿಳಿಸಿತು. ಓದಿದ ಹಿರಿಯರ ಎದೆ ಝಲ್ಲೆಂದುದರಲ್ಲಿ ಆಶ್ಚರ್ಯವೇನು?

ಅದೇ ವೇಳೆಗೆ ಮೊಬೈಲುಗಳಲ್ಲಿ ಇನ್ನೊಂದು ಸುದ್ದಿ ಹರಿದಾಡಿತು. ಈ ವೈರಾಣು ನಮ್ಮ ಜೀವಕೋಶದೊಳಕ್ಕೆ ನುಗ್ಗುವುದು ಕೋಶದ ಮೇಲಿರುವ ಏಸ್-2 ಎಂಬ ಪ್ರೋಟೀನನ್ನು ಹಿಡಿದುಕೊಂಡು. ರಾಮಿಪ್ರಿಲ್, ಎನಾಲಾಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಮೊದಲಾದ ಔಷಧಗಳು ಕೆಲಸ ಮಾಡುವುದು ಇದಕ್ಕೆ ನೆಂಟಸ್ತಿಕೆಯುಳ್ಳ ವ್ಯವಸ್ಥೆಯ ಮೇಲೆ. ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಇಂಥ ಔಷಧದಿಂದ ಏಸ್-2 ಹೆಚ್ಚಿದುದು ಕಂಡಿತ್ತು. ಅಂದಮೇಲೆ, ಮಾತ್ರೆ ನುಂಗಿದರೆ ರೋಗಕ್ಕೆ ಬಾಗಿಲು ತೆರೆದಂತೆಯೇ ಅಲ್ಲವೆ? ತರ್ಕವೇನೋ ಸೊಗಸಾಗಿದೆ, ಆದರೆ ಮನುಷ್ಯರಲ್ಲಿ ಹಾಗೆಯೇ ಆಗುವುದೆಂದು ಯಾರೂ ಕಂಡಿರಲಿಲ್ಲ. ಯೂರೋಪಿನ ಹೃದ್ರೋಗತಜ್ಞರ ಸಂಘವು ಮಾರ್ಚ್ 13ರಂದೇ, ಈ ಔಷಧಗಳನ್ನು ನಿಲ್ಲಿಸಬೇಡಿರೆಂದು ಸಾರಿತು.

ಅನಂತರ ಬ್ರೆಜಿಲಿನಲ್ಲಿ ನೇರವಾಗಿಯೇ ಪರೀಕ್ಷೆ ನಡೆಯಿತು. ಈ ಔಷಧಗಳನ್ನು ಸೇವಿಸುತ್ತಿದ್ದು ಕೊರೋನಾದಿಂದ ಆಸ್ಪತ್ರೆ ಸೇರಿದ್ದ 659 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮೂವತ್ತು ದಿನ ಮಾತ್ರೆ ನಿಲ್ಲಿಸಿದರು, ಇನ್ನೊಂದಕ್ಕೆ ಮುಂದುವರಿಸಿದರು. 2021ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಮರಣ ಎರಡರಲ್ಲೂ ನೂರಕ್ಕೆ ಮೂರರೊಳಗೆ, ಹೆಚ್ಚುಕಡಮೆ ಸಮಸಮ. ನಿಲ್ಲಿಸಿದವರಿಗೆ ಲಾಭವೇನೂ ಆಗಲಿಲ್ಲ. (ರಾಮಿಪ್ರಿಲ್ ಜಾತಿಯ ಔಷಧಗಳ ಮೂಲವೂ ಅದೇ ದೇಶದ ಒಂದು ಮಂಡಲದ ಹಾವಿನ ವಿಷದ ಸಂಶೋಧನೆ ಎಂಬುದು ವಿನೋದದ ಸಂಗತಿ.)

ನಷ್ಟವಾದರೋ ನಿಶ್ಚಿತ. ಔಷಧ ಬಿಟ್ಟಾಗ ಒತ್ತಡ ಸದ್ದಿಲ್ಲದೆ ಏರುತ್ತದೆ. ಹೃದಯ, ಮೂತ್ರಪಿಂಡ, ಮಿದುಳಿನ ರಕ್ತನಾಳ ಮೂರೂ ಅದರ ಹೊಡೆತಕ್ಕೆ ಸಿಕ್ಕುತ್ತವೆ. ಹಾಗೆ ಬಳಲಿದ ದೇಹಕ್ಕೆ ಜ್ವರವೂ ಸೇರಿದರೆ ಗತಿ ಏನು? 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ಸಾರಿದರೂ ವೈರಾಣು ಊರು ಬಿಟ್ಟು ಹೋಗಿಲ್ಲ. ಅದಕ್ಕೆ ಹೆಚ್ಚು ನಲುಗುವವರು ಈಗಲೂ ಹಿರಿಯರೇ.

ಒಂದು ಮಾತು ಮಾತ್ರ ನೆನಪಿರಲಿ. ಜ್ವರದೊಡನೆ ವಾಂತಿಭೇದಿಯಾಗಿ, ಅನ್ನನೀರು ಸೇರದಿದ್ದರೆ ಒತ್ತಡ ಇಳಿದುಹೋಗಬಹುದು. ಆಗ ವೈದ್ಯರು ಕೆಲವು ದಿನ ಮಾತ್ರೆ ತಡೆಯುವುದುಂಟು. ಆ ತೀರ್ಮಾನ ಅವರದು, ನಮ್ಮದಲ್ಲ. ರಾಮಿಪ್ರಿಲ್, ಎನಾಲಾಪ್ರಿಲ್ ಸೇವಿಸುವ ಕೆಲವರಿಗೆ ಔಷಧದಿಂದಲೇ ಒಣಕೆಮ್ಮು ಬರುತ್ತದೆ. ಅದನ್ನೂ ಅವರಿಗೇ ಹೇಳಿ, ಬೇರೆ ಮಾತ್ರೆ ಬರೆದುಕೊಡುತ್ತಾರೆ. ನೆಗಡಿಯೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳ ಬಗ್ಗೆ ಎಚ್ಚರ. ಮೂಗು ಬಿಡಿಸುವ ಅನೇಕ ಔಷಧಗಳೂ ಕೆಲವು ನೋವಿನ ಮಾತ್ರೆಗಳೂ ಒತ್ತಡವನ್ನು ಏರಿಸುತ್ತವೆ.

ಮನೆಯಲ್ಲಿ ಅಳೆಯುವವರು ಕಾಫಿ ಕುಡಿದು ಅರ್ಧ ಗಂಟೆಯಾಗುವವರೆಗೆ ತಾಳಬೇಕು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ ಎರಡು ಬಾರಿ ನೋಡಿ ಬರೆದಿಡಬೇಕು. ಮಾತಾಡದಿರುವುದೇ ನಮ್ಮ ಬ್ಯಾಡರಹಳ್ಳಿಯ ಹಿರಿಯರಿಗೆ ಕಷ್ಟ. ಅವರ ಒತ್ತಡ ಈಗ 140ರೊಳಗೆ ನಿಂತಿದೆ. ಮಾತ್ರೆಗಳು ಮಾತ್ರ ಮನೆಯಾಕೆಯ ವಶ. ನುಂಗಿದ ಮೇಲೆ ನೀರಿನ ಲೋಟವನ್ನೂ ಆಕೆಯೇ ಒಯ್ಯುತ್ತಾರೆ.