ಒಂದೇ ಏಟು... ಆಮೇಲೆ?

ಗೆಳೆಯರೇ, ಈ ವಾರದ ಅಂಚೆಯಲ್ಲಿ ಬಂದ ಒಂದು ಕಾರ್ಡು ನನ್ನ ನಿದ್ದೆ ಕೆಡಿಸಿಬಿಟ್ಟಿತು. ಹಾಸನದ ಕಡೆಯ ತಮ್ಮ ಒಬ್ಬ ಬರೆದಿದ್ದಾನೆ: ‘ಅಣ್ಣಾ, ಒಂದೇ ಏಟಿಗೆ ಎದುರಾಳಿಯನ್ನು ಮಲಗಿಸೋದಕ್ಕೆ ಜಪಾನ್ ಭಾಷೆಯಲ್ಲಿ ಏನಂತಾರೆ? ಅದನ್ನು ಕಲಿಯೋಕೆ ಎಷ್ಟು ತಿಂಗಳು ಬೇಕು?’

ಭಲೇ ತಮ್ಮಾ! ಹೆಸರು ಮೊದಲೇ ಹೇಳಿಬಿಡ್ತೀನಿ. ಪಂದ್ಯದಲ್ಲಿ ಪೂರ್ತಿ ಅಂಕ ತರುವ ಏಟಿಗೆ ಜಪಾನೀಯರು ‘ಇಪ್ಪೊನ್’ ಅಂತಾರೆ. ಆದರೆ ಆ ಏಟನ್ನು ಪೂರ್ತಿ ಮಾಡುವ ಪದ ಇನ್ನೊಂದಿದೆ. ಅದು ‘ಝನ್‌ಶಿನ್’. ಆ ಪದ ನನ್ನ ಮಂಡೆಗೆ ಇಳಿಯಬೇಕಾದರೆ ಇನ್ನೊಬ್ಬನ ಮಂಡೆಗೆ ಏಳು ಹೊಲಿಗೆ ಬೀಳಬೇಕಾಯ್ತು. ಆ ಕಥೆ ಕೊನೆಗೆ ಹೇಳ್ತೀನಿ. ಮೊದಲು ನಿಮಗೆಲ್ಲ ಗೊತ್ತಿರುವ ಸೀನು ಒಂದು ನೋಡೋಣ.

ಕ್ಲೈಮ್ಯಾಕ್ಸ್. ಹಳೇ ಗೋಡೌನು, ಖಾಲಿ ಡ್ರಮ್ಮುಗಳು. ನಮ್ಮ ಹೀರೋ ಗಾಳಿಯಲ್ಲಿ ಎರಡು ಸುತ್ತು ಸುತ್ತಿ ಒದ್ದ ಒದೆತಕ್ಕೆ ವಿಲನ್ ದೊಪ್ಪನೆ ಬಿದ್ದ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಹೀರೋ ಬೆನ್ನು ತಿರುಗಿಸಿ, ಕಂಬಕ್ಕೆ ಕಟ್ಟಿದ್ದ ಹೀರೋಯಿನ್ನಿನ ಹಗ್ಗ ಬಿಚ್ಚೋಕೆ ಹೊರಟ. ಅಷ್ಟರಲ್ಲಿ ಬಿದ್ದವನ ಬೆರಳು ಅಲ್ಲಾಡಿತು. ಪಕ್ಕದಲ್ಲೇ ಚಾಕು! ‘ಅಣ್ಣಾ, ಹಿಂದೆ ನೋಡಣ್ಣಾ!’ ಅಂತ ನಾವು ಕಿರುಚಿದ್ದೇ ಕಿರುಚಿದ್ದು. ಹೀರೋಗೆ ಕೇಳಿಸಿದರೆ ತಾನೆ? ಕೊನೆಗೆ ಆ ಚಾಕುವಿಗೆ ಎದೆಯೊಡ್ಡಿದವರು ಯಾರು? ಹೆತ್ತ ತಾಯಿ, ಇಲ್ಲವೇ ಜೀವದ ಗೆಳೆಯ. ಹೀರೋಗೆ ಒಂದಿಷ್ಟು ಝನ್‌ಶಿನ್ ಇದ್ದಿದ್ದರೆ ನಮ್ಮ ಸಿನಿಮಾಗಳ ಎಷ್ಟು ತಾಯಂದಿರು, ಎಷ್ಟು ಗೆಳೆಯರು ಬದುಕಿ ಉಳಿಯುತ್ತಿದ್ದರೋ!

‘ಝನ್’ ಅಂದರೆ ಉಳಿಯುವುದು. ‘ಶಿನ್’ ಅಂದರೆ ಮನಸ್ಸು. ಹೃದಯ ಅಂದರೂ ಸರಿಯೇ, ಜಪಾನೀಯರಿಗೆ ಎರಡಕ್ಕೂ ಅದೇ ಅಕ್ಷರ. ಹಾಗಾಗಿ ಝನ್‌ಶಿನ್ ಅಂದರೆ ‘ಉಳಿದ ಮನಸ್ಸು’. ಕೈ ತನ್ನ ಕೆಲಸ ಮುಗಿಸಿದ್ದರೂ ಮನಸ್ಸು ಮಾತ್ರ ಜಾಗ ಬಿಟ್ಟು ಕದಲಿಲ್ಲ. ಬಿದ್ದವನು ಏಳಬಹುದು, ಅವನ ಜೊತೆಗಾರ ಮರೆಯಲ್ಲಿರಬಹುದು. ಅದಕ್ಕೇ ಎಚ್ಚರ. ಕತ್ತಿ ಹಿಡಿದು ಬದುಕಿದವರು ಕಂಡುಕೊಂಡ ಮಾತು ಇದು.

ಜಪಾನಿನ ಬಿಲ್ವಿದ್ಯೆಗೆ ‘ಕ್ಯೂದೋ’ ಅಂತ ಹೆಸರು. 28 ಮೀಟರ್ ದೂರದಲ್ಲಿ 36 ಸೆಂಟಿಮೀಟರ್ ಅಗಲದ ಗುರಿ. ನಿಲ್ಲುವುದರಿಂದ ಹಿಡಿದು ಒಟ್ಟು ಎಂಟು ಹಂತ. ಬಾಣ ಬಿಡೋದು ಎಷ್ಟನೇ ಹಂತ ಹೇಳಿ ನೋಡೋಣ? ಎಂಟನೇದು ಅಂದಿರಾ? ತಪ್ಪು! ಏಳನೇದು. ಎಂಟನೇ ಹಂತವೇ ಝನ್‌ಶಿನ್. ಬಾಣ ಆಗಲೇ ಹೋಗಿ ಆಯ್ತು, ಇನ್ನು ಅದನ್ನು ವಾಪಸ್ ಕರೆಯೋ ಹಾಗಿಲ್ಲ. ಆದರೂ ಬಿಲ್ಲುಗಾರ ಚಾಚಿದ ತೋಳು ಇಳಿಸದೆ, ಗುರಿಯ ಮೇಲಿಟ್ಟ ಕಣ್ಣು ತೆಗೆಯದೆ ಹಾಗೇ ನಿಲ್ತಾನೆ. ಬಿಟ್ಟ ಬಾಣ ತನ್ನದು ಅನ್ನೋದನ್ನು ಮರೆಯದೆ ನಿಲ್ತಾನೆ ಅಂತ ನಾನು ಹೇಳ್ತೀನಿ.

ಇನ್ನು ‘ಕೆಂಡೋ’. ಬಿದಿರಿನ ಕತ್ತಿ, ಮುಖಕ್ಕೆ ಲೋಹದ ಜಾಲರಿ. ಮೂವರು ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲೂ ಕೆಂಪು, ಬಿಳಿ ಬಾವುಟ. ತಲೆಗೆ ಸರಿಯಾಗಿ ಏಟು ಬಿದ್ದರೂ ಅಷ್ಟಕ್ಕೇ ಅಂಕ ಇಲ್ಲ. ಹೊಡೆದವನು ಮುಂದೆ ಸಾಗಿ, ತಿರುಗಿ, ಕತ್ತಿ ಹಿಡಿದು ಎದುರಾಳಿಯತ್ತ ನೋಡುತ್ತಾ ನಿಲ್ಲಬೇಕು. ಝನ್‌ಶಿನ್ ಇರಬೇಕು ಅಂತ ನಿಯಮದಲ್ಲೇ ಬರೆದಿದೆ. ಗೆದ್ದೆ ಅಂತ ಕೈ ಎತ್ತಿ ಕುಣಿದನೋ, ಕೊಟ್ಟ ಅಂಕವನ್ನೂ ಕಿತ್ತುಕೊಳ್ಳಬಹುದು. ನಮ್ಮ ಕ್ರಿಕೆಟ್ಟಿನಲ್ಲಿ ಆ ನಿಯಮ ಬಂದರೆ ವಿಕೆಟ್ ಎಷ್ಟು ಉಳಿಯುತ್ತೆ, ನೀವೇ ಯೋಚಿಸಿ!

ತಮ್ಮಾ, ನಿನ್ನ ಒಂದೇ ಏಟಿನ ಪ್ರಶ್ನೆಗೆ ಒಲಿಂಪಿಕ್ಸ್ ಕೂಡ ಉತ್ತರ ಕೊಟ್ಟಿದೆ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಗಂಡಸರ ಭಾರೀ ತೂಕದ ಕರಾಟೆ ಫೈನಲ್. ಸೌದಿ ಅರೇಬಿಯಾದವನು 4–1ರಿಂದ ಮುಂದಿದ್ದ. ಇರಾನಿನವನ ತಲೆಗೆ ಒಂದೇ ಒದೆತ ಕೊಟ್ಟ. ಅವನು ಎಚ್ಚರ ತಪ್ಪಿ ಬಿದ್ದ, ಸ್ಟ್ರೆಚರ್ ಬಂತು. ಚಿನ್ನ ಯಾರಿಗೆ? ಸ್ಟ್ರೆಚರ್ ಮೇಲೆ ಹೋದವನಿಗೆ! ಏಟು ಹಿಡಿತ ಮೀರಿತ್ತು ಅಂತ ಒದ್ದವನನ್ನು ಅನರ್ಹಗೊಳಿಸಿದರು. ಮಲಗಿಸಿದವನು ಸೋತ, ಮಲಗಿದವನು ಗೆದ್ದ.

‘ಇದೆಲ್ಲ ಆಟದ ಮಾತಾಯ್ತು, ಸಿನಿಮಾ ಎಲ್ಲಿ?’ ಅಂತೀರಾ? ಬಂದೆ. ‘ಶೋಲೆ’ (1975) ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದದ್ದು ಎಲ್ಲರಿಗೂ ಗೊತ್ತು. ಅದರ ಬೇರು ಹುಡುಕಿಕೊಂಡು ಹೋದರೆ ಸಿಗೋದು ಜಪಾನಿನ ಅಕಿರಾ ಕುರೊಸಾವಾ 1954ರಲ್ಲಿ ತೆಗೆದ ‘ಸೆವೆನ್ ಸಮುರಾಯ್’. ಅದೇ ಕುರೊಸಾವಾ 1962ರಲ್ಲಿ ‘ಸಂಜೂರೊ’ ಅಂತ ಒಂದು ಚಿತ್ರ ತೆಗೆದರು. ಹೀರೋ ತೋಶಿರೊ ಮಿಫುನೆ. ಕೊನೆಯಲ್ಲಿ ಇಬ್ಬರು ಕತ್ತಿವೀರರು ಎದುರುಬದುರು ನಿಲ್ತಾರೆ. ಡೈಲಾಗ್ ಇಲ್ಲ, ಮ್ಯೂಸಿಕ್ ಇಲ್ಲ, ರೆಪ್ಪೆ ಸಹ ಅಲ್ಲಾಡೋದಿಲ್ಲ. ಆಮೇಲೆ ಒಂದೇ ಏಟು. ಚಿಲ್ಲನೆ ಚಿಮ್ಮುತ್ತೆ ರಕ್ತ!

ನೋಡುತ್ತಾ ನಿಂತಿದ್ದವರು ಒಂಬತ್ತು ಜನ ಯುವಕರು. ಥೇಟ್ ನಮ್ಮ ಗಾಂಧಿ ಕ್ಲಾಸು. ಅವರಲ್ಲೊಬ್ಬ ‘ಆಹಾ, ಏನು ಕೈಚಳಕ!’ ಅನ್ನೋ ಧಾಟಿಯಲ್ಲಿ ಹೊಗಳ್ತಾನೆ. ಹೀರೋ ಮೀಸೆ ತಿರುವಿದನಾ? ಇಲ್ಲ ಸ್ವಾಮಿ, ಉರಿದುಬಿದ್ದ! ಸತ್ತವನೂ ತನ್ನಂಥವನೇ, ಒರೆ ಇಲ್ಲದ ಕತ್ತಿಯಂಥವನು, ನಿಜವಾದ ಒಳ್ಳೇ ಕತ್ತಿ ಒರೆಯಲ್ಲೇ ಇರುತ್ತೆ ಅನ್ನೋ ಅರ್ಥದಲ್ಲಿ ಬೈದು, ಬೆನ್ನು ಹಾಕಿ ಹೊರಟುಹೋಗ್ತಾನೆ. ಗೆದ್ದವನ ಮುಖದಲ್ಲಿ ನಗು ಇಲ್ಲ. ಮೊದಲ ಸಲ ನೋಡಿದಾಗ ನನಗೆ ಆ ಸೀನು ರುಚಿಸಲಿಲ್ಲ. ಎರಡನೇ ಸಲ ನೋಡುವಾಗ ಕಣ್ಣಲ್ಲಿ ನೀರು ಬಂತು. ಯಾಕೆ ಅಂದರೆ, ಅಷ್ಟರಲ್ಲಿ ನಾನೂ ಒಬ್ಬನಿಗೆ ‘ಒಂದೇ ಏಟು’ ಹೊಡೆದಿದ್ದೆ.

ಶಂಕರ್ ನಾಗ್ ಅವರನ್ನು ಅಭಿಮಾನಿಗಳು ‘ಕರಾಟೆ ಕಿಂಗ್’ ಅಂತ ತಲೆಮೇಲೆ ಹೊತ್ತು ಮೆರೆಸುತ್ತಿದ್ದ ಕಾಲ ಅದು. ನಾನೂ ನಮ್ಮೂರಿನ ಒಂದು ಕರಾಟೆ ಕ್ಲಾಸು ಸೇರಿದ್ದೆ. ಎಂಟು ತಿಂಗಳಾಗಿತ್ತು. ಸೊಂಟಕ್ಕೆ ಹಳದಿ ಬೆಲ್ಟು ಬಂದಿತ್ತು, ತಲೆಗೆ ಕೊಂಬು ಬಂದಿತ್ತು. ಒಂದು ಭಾನುವಾರ ಮ್ಯಾಟಿನಿಗೆ ಕ್ಯೂ ನಿಂತಿದ್ವಿ, ನಾನು ಮತ್ತು ನನ್ನ ಗೆಳೆಯ. ಸೈಕಲ್ ಶಾಪಿನ ಹುಡುಗ ಒಬ್ಬ ನಡುವೆ ನುಗ್ಗಿದ. ಮಾತಿಗೆ ಮಾತು ಬೆಳೀತು. ಕೊಟ್ಟೆ ನೋಡಿ ಒಂದು ಪಂಚ್! ಕ್ಯೂನಲ್ಲಿದ್ದವರು ಶಿಳ್ಳೆ ಹೊಡೆದರು. ಒಂದು ಕ್ಷಣ ನಾನೇ ಹೀರೋ.

ಹುಡುಗ ಹಿಂದಕ್ಕೆ ಬಿದ್ದ. ಬುಕಿಂಗ್ ಕೌಂಟರಿನ ಮೆಟ್ಟಿಲಿಗೆ ತಲೆ ಬಡೀತು. ರಕ್ತ ಕಂಡಿದ್ದೇ ತಡ, ಹೀರೋ ಕಾಲಿಗೆ ಬುದ್ಧಿ ಹೇಳಿದ. ಬಸ್ ಸ್ಟ್ಯಾಂಡಿನ ಹಿಂದೆ ಕತ್ತಲಾಗೋವರೆಗೂ ಅಡಗಿ ಕೂತಿದ್ದೆ. ನನ್ನ ಗೆಳೆಯ ಮಾತ್ರ ಓಡಲಿಲ್ಲ. ಅವನು ಕರಾಟೆ ಕಲಿತವನಲ್ಲ, ಜಗಳ ಅಂದರೆ ದೂರ ಸರಿಯೋ ಪೈಕಿ. ತನ್ನ ಹೊಸ ಶರ್ಟು ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದು, ಬನಿಯನ್ನಿನಲ್ಲೇ ಆಟೋ ಹತ್ತಿ ಆ ಹುಡುಗನನ್ನು ಆಸ್ಪತ್ರೆಗೆ ಸೇರಿಸಿದ.

ಮಾರನೇ ದಿನ ಕ್ಲಾಸಿಗೆ ಹೋದೆ. ಮಾಸ್ಟರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

‘ಅವನು ಎದ್ದನೇನೋ?’

‘ಗೊತ್ತಿಲ್ಲ ಸರ್.’

‘ಹೊಡೆದದ್ದು ತಪ್ಪು. ಗೊತ್ತಿಲ್ಲ ಅಂದ್ಯಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ನಿನಗೆ ಮುಷ್ಟಿ ಬಂತು, ಝನ್‌ಶಿನ್ ಬರಲಿಲ್ಲ. ಅದಿರೋದು ನಿನ್ನ ಗೆಳೆಯನ ಹತ್ತಿರ. ಬೆಲ್ಟು ಬಿಚ್ಚಿಟ್ಟು ಹೋಗಿ ಅವನನ್ನ ನೋಡ್ಕೊಂಡು ಬಾ.’

ನಿಘಂಟಿನ ಪ್ರಕಾರ ಝನ್‌ಶಿನ್ ಅಂದರೆ ಏಟಿನ ನಂತರದ ಎಚ್ಚರ, ಅಷ್ಟೇ. ಅದು ನಿನ್ನ ಜೀವ ಕಾಯುವ ಎಚ್ಚರ. ಬಿದ್ದವನ ಜೀವ ಕಾಯೋಕೂ ಅದೇ ಎಚ್ಚರ ಬೇಕು ಅನ್ನೋದನ್ನು ಸೇರಿಸಿದವರು ನನ್ನ ಮಾಸ್ಟರು. ತಿರುಗಿ ನೋಡುವವನಿಗೆ ಎರಡೂ ಕಾಣುತ್ತೆ: ಎದ್ದು ಬರುತ್ತಿದ್ದರೆ ಶತ್ರು ಕಾಣ್ತಾನೆ, ಏಳಲಾರದೆ ಬಿದ್ದಿದ್ದರೆ ಮನುಷ್ಯ ಕಾಣ್ತಾನೆ.

ಆಸ್ಪತ್ರೆಗೆ ಹೋದೆ. ತಲೆಗೆ ಬಿಳೀ ಪಟ್ಟಿ, ಏಳು ಹೊಲಿಗೆ. ಪಕ್ಕದಲ್ಲಿ ಅವನ ತಾಯಿ ಗಂಜಿ ಆರಿಸುತ್ತಾ ಕೂತಿದ್ದರು. ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ, ‘ಕೂತ್ಕೊಳಪ್ಪಾ’ ಅಂದರು. ಆ ಮಾತು ಎದೆಗೆ ಬಿದ್ದ ಹಾಗೆ ಇವತ್ತಿನವರೆಗೂ ಯಾವ ಪಂಚೂ ಬಿದ್ದಿಲ್ಲ. ಹುಡುಗ ನನ್ನನ್ನು ದಿಟ್ಟಿಸಿ ನೋಡಿದ. ತಾಯಿಗೆ ಹೇಳಿಬಿಡ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಇಷ್ಟೇ: ‘ಪಿಕ್ಚರ್ ಹೆಂಗಿತ್ತು?’

‘ನಾನೂ ನೋಡಲಿಲ್ಲ’ ಅಂದೆ. ಗಂಟಲು ಕಟ್ಟಿತ್ತು. ಅವನ ತಾಯಿಗೆ ನಾನೇ ಎಲ್ಲ ಹೇಳಿದೆ.

ಹಾಸನದ ತಮ್ಮಾ, ಎಷ್ಟು ತಿಂಗಳು ಅಂತ ಕೇಳಿದೆಯಲ್ಲ? ಏಟು ಕಲಿಯೋಕೆ ನನಗೆ ಎಂಟು ತಿಂಗಳು ಸಾಕಾಯ್ತು. ತಿರುಗಿ ನೋಡೋದು ಕಲಿಯೋಕೆ ಒಂದು ದಿನ. ಆದರೆ ಆ ಒಂದು ದಿನದ ಫೀಸು ಕಟ್ಟಿದವನು ನಾನಲ್ಲ, ಸೈಕಲ್ ಶಾಪಿನ ಹುಡುಗ. ನೀನು ಕ್ಲಾಸು ಸೇರು, ಖಂಡಿತ ಸೇರು. ಮೊದಲ ದಿನವೇ ಮಾಸ್ಟರ್ ಹತ್ತಿರ ಎಂಟನೇ ಹಂತದ ಬಗ್ಗೆ ಕೇಳು.

ಮುಂದಿನ ವಾರ ಸಿಗೋಣ. ಅಲ್ಲಿಯವರೆಗೆ ಕ್ಯೂನಲ್ಲಿ ಯಾರಾದರೂ ನುಗ್ಗಿದರೆ... ನುಗ್ಗಲಿ ಬಿಡಿ ಮಾರಾಯ್ರೇ!